ಕಾರಿಗೆ ಯಾವ ಪೆಟ್ರೋಲು ತಕ್ಕದ್ದು?

ಕಳೆದ ವಾರ ನೆರೆಮನೆಯ ಹಿರಿಯ ಕೃಷಿಕರೊಬ್ಬರು ಸಂಜೆ ನಮ್ಮ ಜಗಲಿಗೆ ಬಂದು, “ಮಾಷ್ಟ್ರೇ, ಬಂಕಿನಲ್ಲಿ ಎರಡು ಬಗೆಯ ಪೆಟ್ರೋಲು ಇಟ್ಟಿದ್ದಾರೆ. ಕ್ರಯ ಹೆಚ್ಚಿನದನ್ನು ಹಾಕಿದರೆ ಎಂಜಿನು ಬಾಳಿಕೆ ಬರುತ್ತದಂತೆ, ಹೌದೋ?” ಎಂದು ಕೇಳಿದರು. ಬೆಲೆ ಹೆಚ್ಚಿದ್ದು ಗುಣದಲ್ಲಿಯೂ ಮೇಲು ಎಂಬ ಎಣಿಕೆ ನಮ್ಮಲ್ಲಿ ಅನೇಕರಿಗಿದೆ. ಅಡಕೆಯ ಮಟ್ಟಿಗೆ ಅದು ಸರಿಯಿರಬಹುದು. ಪೆಟ್ರೋಲಿನ ಮಟ್ಟಿಗೆ ಹಾಗಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತೇನೆ.

ಬಂಕುಗಳಲ್ಲಿ 91, 95, 100 ಎಂಬ ಅಂಕೆಗಳನ್ನು ಕಾಣುತ್ತೇವೆ. ಇದಕ್ಕೆ ಆಕ್ಟೇನ್ ಸಂಖ್ಯೆ ಎಂದು ಹೆಸರು. ಎಂಜಿನಿನೊಳಗೆ ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು, ಪಿಸ್ಟನ್ನಿನಿಂದ ಬಲವಾಗಿ ಅದುಮಲ್ಪಡುತ್ತವೆ. ಆಗ ಪ್ಲಗ್ಗಿನ ಕಿಡಿ ತಾಗಿ ಬೆಂಕಿ ಒಂದು ಕಡೆಯಿಂದ ಕ್ರಮವಾಗಿ ಹಬ್ಬಬೇಕು. ತೋಟದಲ್ಲಿ ತರಗೆಲೆಯ ರಾಶಿಗೆ ಒಂದು ತುದಿಯಿಂದ ಬೆಂಕಿ ಕೊಟ್ಟಂತೆ ಇದು. ಆದರೆ ಅದುಮುವಿಕೆಯ ಕಾವಿಗೆ ರಾಶಿಯ ಇನ್ನೊಂದು ತುದಿ ತಾನಾಗಿಯೇ ಹೊತ್ತಿಕೊಂಡರೆ? ಆಗ ಎಂಜಿನು ಡಬ್ಬದೊಳಗೆ ಕಲ್ಲು ಕುಲುಕಿದಂತೆ ಟಕಟಕ ಶಬ್ದ ಮಾಡುತ್ತದೆ. ಏರುದಾರಿಯಲ್ಲಿ ಭಾರ ಹೊತ್ತು ಹೋಗುವಾಗ ಇದು ಚೆನ್ನಾಗಿ ಕೇಳಿಸುತ್ತದೆ. ಬಹುಕಾಲ ಹೀಗೆಯೇ ಓಡಿಸಿದರೆ ಪಿಸ್ಟನ್ನಿಗೆ ಹಾನಿ.

ಹೀಗೆ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಶಕ್ತಿಯ ಅಳತೆಯೇ ಆಕ್ಟೇನ್ ಸಂಖ್ಯೆ. ಅದು ಪೆಟ್ರೋಲಿನಲ್ಲಿರುವ ಶಕ್ತಿಯ ಅಳತೆಯಲ್ಲ. ಮಕ್ಕಳ ಪರೀಕ್ಷೆಯ ಅಂಕದಂತೆ ಹೆಚ್ಚಿದಷ್ಟೂ ಮೇಲೆಂದು ಇದನ್ನು ತಿಳಿಯಬಾರದು. ಚಪ್ಪಲಿಯ ಅಳತೆಯಂತೆ ಕಾಲಿಗೆ ಸರಿಹೊಂದಿದರೆ ಸಾಕು. 91ಕ್ಕೆ ಸರಿಯಾಗಿ ಮಾಡಿದ ಎಂಜಿನಿಗೆ 100ರ ಪೆಟ್ರೋಲು ಹಾಕಿದರೆ ಕಿಸೆ ಹಗುರವಾಗುವುದಲ್ಲದೆ ಬೇರೆ ಲಾಭ ಕಡಮೆ. ಹೆಚ್ಚು ಅದುಮುವ ಎಂಜಿನುಗಳಿಗೆ, ಟರ್ಬೋ ಇರುವ ಕೆಲವು ಕಾರುಗಳಿಗೆ ಮಾತ್ರ ಹೆಚ್ಚಿನ ಸಂಖ್ಯೆ ಬೇಕಾಗಬಹುದು. ಯಾವುದು ಬೇಕೆಂಬುದು ಕಾರಿನೊಂದಿಗೆ ಬರುವ ಪುಸ್ತಕದಲ್ಲಿದೆ. ಅನೇಕ ಕಾರುಗಳಲ್ಲಿ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿಯೂ ಬರೆದಿರುತ್ತದೆ.

2020ರ ಏಪ್ರಿಲಿನಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಬಿ.ಎಸ್. 6 ನಿಯಮದಂತೆ ಸಾಮಾನ್ಯ ಪೆಟ್ರೋಲಿಗೆ ಕನಿಷ್ಠ 91 ಇರಬೇಕೆಂದಿತ್ತು. ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ್ದರಿಂದ ಅದು 95ಕ್ಕೇರಿದೆಯೆಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಿನಲ್ಲಿ ತಿಳಿಸಿತು. ಆದುದರಿಂದ ಹೆಚ್ಚಿನ ಕಾರುಗಳಿಗೆ ಸಾಮಾನ್ಯ ಪೆಟ್ರೋಲೇ ಧಾರಾಳ. ತಲಪಾಡಿ ದಾಟಿ ತುಂಬಿಸಿ ತಂದರೂ ಇತ್ತ ತುಂಬಿಸಿದರೂ ದರದಲ್ಲಿ ವ್ಯತ್ಯಾಸವೇ ಹೊರತು ಈ ನಿಯಮದಲ್ಲಿ ವ್ಯತ್ಯಾಸವಿಲ್ಲ.

ನಾವು ನಿಜವಾಗಿ ಗಮನಿಸಬೇಕಾದುದು ಈ ಎಥನಾಲನ್ನು. ಕಬ್ಬು, ಜೋಳ, ಅಕ್ಕಿಗಳಿಂದ ತಯಾರಾಗುವ ಇದರಲ್ಲಿ, ಲೀಟರಿಗೆ ಲೀಟರು ಹೋಲಿಸಿದರೆ, ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟೇ ಶಕ್ತಿಯಿದೆ. ಲೀಟರಿಗೆ 15 ಕಿ.ಮೀ. ಓಡುತ್ತಿದ್ದ ಹಳೆಯ ಕಾರು 14ಕ್ಕಿಳಿದರೆ ಆಶ್ಚರ್ಯವಿಲ್ಲ. ಹಳೆಯ ಗಾಡಿಗಳ ರಬ್ಬರಿನ ಭಾಗಗಳನ್ನೂ ಇದು ಕ್ರಮೇಣ ಸಡಿಲಿಸಬಹುದು. 20-30 ಸಾವಿರ ಕಿ.ಮೀ. ಓಡಿದ ಮೇಲೆ ಕೆಲವು ಹಳೆಯ ಗಾಡಿಗಳಲ್ಲಿ ಅವನ್ನು ಬದಲಿಸಬೇಕಾಗಬಹುದೆಂದು ಸಚಿವಾಲಯವೇ ಹೇಳಿದೆ. 2023ರ ಏಪ್ರಿಲಿನ ಅನಂತರ ತಯಾರಾದ ಕಾರುಗಳ ಭಾಗಗಳನ್ನು ಈ ಮಿಶ್ರಣಕ್ಕೆ ಹೊಂದುವಂತೆ ಮಾಡಿದ್ದಾರೆ.

ಇನ್ನೊಂದು ಗುಣವೆಂದರೆ ಎಥನಾಲ್ ನೀರನ್ನು ಹೀರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಇದು ದೊಡ್ಡ ಮಾತು. ನೀರು ಮಿತಿಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಟ್ಯಾಂಕಿನ ಅಡಿಗೆ ಇಳಿಯುತ್ತವೆ. ಎಂಜಿನು ಎಳೆದುಕೊಳ್ಳುವುದೂ ಅಡಿಯಿಂದಲೇ. ಕಳೆದ ವರ್ಷ ಇದರ ಪಾಠ ನನಗೆ ಕಾರಿನಿಂದಲ್ಲ, ಮದ್ದು ಬಿಡುವ ಪಂಪಿನಿಂದ ದೊರೆಯಿತು. ಮೊದಲ ಸಲ ಬೋರ್ಡೋ ದ್ರಾವಣ ಬಿಟ್ಟ ಮೇಲೆ ಉಳಿದ ಪೆಟ್ರೋಲನ್ನು ಪಂಪಿನಲ್ಲಿಯೇ ಬಿಟ್ಟಿದ್ದೆ. ನಲುವತ್ತು ದಿನ ಕಳೆದು, ಮಳೆ ಬಿಟ್ಟ ಎರಡು ದಿನ ನೋಡಿ ಆಳುಗಳನ್ನು ಕರೆಸಿದರೆ ಎಂಜಿನು ಏಳಲೇ ಇಲ್ಲ. ಕಾರ್ಬುರೇಟರು ಬಿಚ್ಚಿದಾಗ ಅಡಿಯಲ್ಲಿ ನೀರು ನಿಂತಿತ್ತು. ಅದು ಸರಿಯಾಗುವಷ್ಟರಲ್ಲಿ ಮಳೆ ಮತ್ತೆ ಹಿಡಿಯಿತು. ಆ ಬದಿಯ ಅಡಕೆಗೆ ಕೊಳೆರೋಗ ತಗಲಿ ಕಾಯಿ ಉದುರಿದ್ದನ್ನು ಹೆಕ್ಕಿದ್ದೇ ಬಂತು. ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲುವ ಕಾರಿಗೂ ಇದೇ ಗತಿ ಬರಬಹುದು. ಬೆಲೆ ಹೆಚ್ಚಿನ ಪೆಟ್ರೋಲು ಹಾಕಿದೆನೆಂದು ನಿಶ್ಚಿಂತೆಯಿಂದಿರುವಂತಿಲ್ಲ; ಅದರಲ್ಲಿಯೂ ಎಥನಾಲ್ ಇರಬಹುದು.

ಸಾರಾಂಶವಾಗಿ ನಾಲ್ಕು ಮಾತು:

1. ಕಾರಿನ ಪುಸ್ತಕದಲ್ಲಿ ಹೇಳಿದ ಸಂಖ್ಯೆಯ ಪೆಟ್ರೋಲನ್ನೇ ಹಾಕಿರಿ. ಅದಕ್ಕಿಂತ ಕಡಮೆ ಬೇಡ, ಹೆಚ್ಚಿನದರ ಅಗತ್ಯವಿಲ್ಲ.

2. ಏರಿನಲ್ಲಿ ಟಕಟಕ ಶಬ್ದ ಬಂದರೆ ಕೆಳಗಿನ ಗೇರಿಗೆ ಇಳಿಸಿರಿ. ಶಬ್ದ ನಿಲ್ಲದಿದ್ದರೆ ಬಂಕು ಬದಲಿಸುವ ಮೊದಲು ಮೆಕ್ಯಾನಿಕರಿಗೆ ತೋರಿಸಿರಿ. ಎಂಜಿನಿನಲ್ಲಿ ಮಸಿ ಕಟ್ಟಿದ್ದರೂ ಹೀಗಾಗುತ್ತದೆ.

3. ಹಳೆಯ ಕಾರಿನ ಪೆಟ್ರೋಲು ಹೋಗುವ ರಬ್ಬರು ನಳಿಗೆಗಳನ್ನು ವರ್ಷಕ್ಕೊಮ್ಮೆ ನೋಡಿಸಿರಿ. ಪೆಟ್ರೋಲಿನ ವಾಸನೆ ಬಂದರೆ ತಡಮಾಡಬೇಡಿ. ಅದು ಬೆಂಕಿಯ ಭಯ.

4. ಹೆಚ್ಚು ದಿನ ನಿಲ್ಲಿಸುವ ಪಂಪು, ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಪೆಟ್ರೋಲು ಉಳಿಸಬೇಡಿ. ಕಾರನ್ನು ಮಳೆಗಾಲದಲ್ಲಿಯೂ ವಾರಕ್ಕೊಮ್ಮೆ ಓಡಿಸಿರಿ.

ನೆರೆಮನೆಯವರು ಎಲ್ಲವನ್ನೂ ಕೇಳಿ, “ಹಾಗಾದರೆ ಆ ಹೆಚ್ಚಿನ ದುಡ್ಡು ಮೈಲುತುತ್ತಕ್ಕಾಯಿತು” ಎಂದು ಎದ್ದರು. ನನಗೂ ಅದೇ ಸರಿಯೆಂದು ಕಂಡಿತು.