ಆಕಳು ಕಂದು ಹಾಕಿತಾ? ಮೊದಲು ರಕ್ತ ಪರೀಕ್ಷೆ ಮಾಡಿಸಿ

ಬೀದರ್, ಭಾಲ್ಕಿ, ಔರಾದ್ ಕಡೆಯ ಯುವ ರೈತರು ನನ್ನನ್ನ ಕೇಳ್ತಾರೆ: "ಸರ್, ಈ ಬ್ರುಸೆಲ್ಲೋಸಿಸ್, ಅಂದ್ರ ಕಂದು ರೋಗ, ನಮ್ಮ ದನದಾಗ ಎಷ್ಟದ ರೀ?"

ಕಣ್ಣಿಗೆ ಕಾಣೋದಕ್ಕಿಂತ ಹೆಚ್ಚು ಅಂತೀನಿ. ರೋಗ ತಗುಲಿದ ಆಕಳು ಸಾಮಾನ್ಯವಾಗಿ ಒಂದೇ ಸಲ, ಗಬ್ಬದ 5 ತಿಂಗಳ ನಂತರ ಕಂದು ಹಾಕುತ್ತೆ. ಮುಂದೆ ಸರಿಯಾಗೇ ಈಯಬಹುದು. ಆದರೆ ಹಾಲು, ಮಾಸಿನಲ್ಲಿ ರೋಗಾಣು ಹೊರಬರ್ತಾನೇ ಇರುತ್ತೆ. ದೇವಣಿ ಇರಲಿ, ಮಿಶ್ರತಳಿ ಇರಲಿ, ಎಮ್ಮೆ ಇರಲಿ, ರಕ್ತ ಪರೀಕ್ಷೆ ಇಲ್ಲದೆ ಗೊತ್ತಾಗಲ್ಲ.

ಇದು ಮನುಷ್ಯರಿಗೂ ಬರುತ್ತೆ: ಬಿಟ್ಟು ಬಿಟ್ಟು ಜ್ವರ, ಕೀಲುನೋವು, ರಾತ್ರಿ ಬೆವರು. ದನಕ್ಕೆ ಖಚಿತ ಚಿಕಿತ್ಸೆ ಇಲ್ಲ, ತಡೆಯೋದೇ ದಾರಿ.

ಹೀಗೆ ಮಾಡಿ:

* 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕಿಸಿ. ಜೀವನದಲ್ಲಿ ಒಂದೇ ಸಲ ಸಾಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಉಚಿತ. ಗಂಡು ಕರು, ಗಬ್ಬದ ಆಕಳಿಗೆ ಬೇಡ.
* ಸತ್ತ ಕಂದು, ಮಾಸನ್ನ ಬರಿಗೈಯಲ್ಲಿ ಮುಟ್ಟಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ, ನಾಯಿಗೆ ಸಿಗಬಾರದು.
* ಸಂತೆಯಲ್ಲಿ ಕೊಂಡ ಆಕಳನ್ನ ಪರೀಕ್ಷೆ ಆಗೋವರೆಗೂ ಬೇರೆ ಕಟ್ಟಿ.
* ಹಾಲು ಕಾಯಿಸಿಯೇ ಕುಡಿಯಿರಿ.

ಕಂದು ಹಾಕಿದ ದಿನವೇ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲಾಂದ್ರೆ 1962ಕ್ಕೆ ಫೋನ್ ಮಾಡಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಿಡದಿದ್ದರೆ, ದನ ಕಂದು ಹಾಕಿದ್ದನ್ನ ಡಾಕ್ಟರಿಗೆ ಹೇಳೋದು ಮರೀಬೇಡಿ.