ಬೆಂಗಳೂರಿನ ಪೌರಸಭೆಯೂ ಅದರ ಆಯವ್ಯಯವೂ

ಏಪ್ರಿಲ್ 1ರಂದು ಮೊದಲಾಗುವ ಆರ್ಥಿಕ ವರ್ಷಕ್ಕೆ ಮುನ್ನ, ಫಾಲ್ಗುಣದ ಬಿಸಿಲು ಏರತೊಡಗುವ ದಿನಗಳಲ್ಲಿ, ನಮ್ಮ ಮಹಾನಗರಪಾಲಿಕೆಗಳು ತಮ್ಮ ಆಯವ್ಯಯವನ್ನು ಮಂಡಿಸುತ್ತವೆ. ವಿಧಾನಸೌಧದಲ್ಲಿ ಮಂಡಿತವಾಗುವ ರಾಜ್ಯದ ಮುಂಗಡಪತ್ರವನ್ನು ಕುತೂಹಲದಿಂದ ಓದುವ ನಾಗರಿಕರು ಪಾಲಿಕೆಯ ಪತ್ರವನ್ನು ವರ್ತಮಾನಪತ್ರಿಕೆಯ ಒಳಪುಟದಲ್ಲಿ ಕಂಡು ಹಾಳೆ ತಿರುವಿಬಿಡುವುದೇ ಹೆಚ್ಚು. ಆದರೆ ಮನೆಯ ಮುಂದಿನ ಚರಂಡಿ, ಬೀದಿಯ ದೀಪ, ಮಕ್ಕಳು ಸಂಜೆಯ ಹೊತ್ತು ಆಡುವ ಉದ್ಯಾನ, ಬೆಳಕು ಹರಿಯುವ ಮೊದಲೇ ಪೊರಕೆ ಹಿಡಿದು ಬರುವ ಪೌರಕಾರ್ಮಿಕರ ವೇತನ, ಇವುಗಳೆಲ್ಲವೂ ನಿರ್ಣಯವಾಗುವುದು ಈ ಕಿರಿಯ ಸಭೆಯ ಪತ್ರದಲ್ಲಿಯೇ ಆದಕಾರಣ, ಆ ಸಂಸ್ಥೆಯ ಪೂರ್ವೋತ್ತರಗಳನ್ನೂ ಅದರ ಲೆಕ್ಕದ ಕ್ರಮವನ್ನೂ ಓದುಗರ ಮುಂದಿಡುವುದು ಉಚಿತವೆಂದು ನನಗೆ ತೋರಿದೆ.

1850ರ ಪಟ್ಟಣ ಸುಧಾರಣಾ ಕಾಯಿದೆಯನ್ನು ಆಧರಿಸಿ 1862ರ ಮಾರ್ಚ್ 27ರಂದು ಬೆಂಗಳೂರು ಪೇಟೆಯ ಒಂಬತ್ತು ಮಂದಿ ಗಣ್ಯರು ಕೂಡಿ ಪುರಮಂಡಲಿಯೊಂದನ್ನು ರಚಿಸಿದರು; ದಂಡಿನ (ಕಂಟೋನ್ಮೆಂಟ್) ಪ್ರದೇಶಕ್ಕೂ ಅಂಥದೇ ಮಂಡಲಿ ಪ್ರತ್ಯೇಕವಾಗಿ ಏರ್ಪಟ್ಟಿತು. ಎರಡು ದಶಕಗಳ ಬಳಿಕ ಸದಸ್ಯರಲ್ಲಿ ಅರ್ಧದಷ್ಟು ಮಂದಿಯನ್ನು ಚುನಾವಣೆಯಿಂದ ಆರಿಸುವ ಪದ್ಧತಿ ಬಂದಿತು. ಆಸ್ತಿ ತೆರಿಗೆ ಜಾರಿಗೆ ಬಂದದ್ದೂ ಅದೇ ಕಾಲದಲ್ಲಿ. ತೆರಿಗೆ ಕೊಡುವವನಿಗೆ ಪ್ರಶ್ನೆ ಕೇಳುವ ಅಧಿಕಾರವೂ ಉಂಟೆಂಬ ತತ್ತ್ವ ಹೀಗೆ ನಮ್ಮ ಊರಿನ ಆಡಳಿತದಲ್ಲಿ ಬೇರೂರಿತು. ಕೆ. ಪಿ. ಪುಟ್ಟಣ್ಣಚೆಟ್ಟರು 1913ರಲ್ಲಿ ಗೌರವಾಧ್ಯಕ್ಷರಾಗಿ ಪುರಸಭೆಯ ಭಾರವನ್ನು ಹೊತ್ತರು; ಇಂದಿಗೂ ಪುರಭವನವು ಅವರ ಹೆಸರನ್ನು ಧರಿಸಿ ನಿಂತಿದೆ. 1949ರಲ್ಲಿ ಪೇಟೆ ಮತ್ತು ದಂಡುಗಳ ಆಡಳಿತವನ್ನು ಒಂದುಗೂಡಿಸಿ ನಗರಪಾಲಿಕೆಯನ್ನು ಸ್ಥಾಪಿಸಿದಾಗ ಐವತ್ತು ಚುನಾವಣಾ ವಿಭಾಗಗಳೂ ಎಪ್ಪತ್ತು ಸದಸ್ಯಸ್ಥಾನಗಳೂ ನಿಗದಿಯಾದುವು; ಮಹಾಪೌರರ ಪದವಿಯೂ ಆಗಲೇ ಬಂದಿತು.

ಬಡಾವಣೆಗಳ ನವೀಕರಣವೆಂಬ ಯೋಚನೆ ನಮ್ಮಲ್ಲಿ ಸಂಕಟದ ಕಾಲದಲ್ಲಿ ಬಲಗೊಂಡಿತು. 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬೆಂಗಳೂರನ್ನು ಪ್ರವೇಶಿಸಿದಾಗ, ಚಿಕ್ಕಪೇಟೆ ಬಳೇಪೇಟೆಗಳ ಇಕ್ಕಟ್ಟಾದ ಓಣಿಗಳಲ್ಲಿ, ಗಾಳಿ ಬೆಳಕುಗಳಿಗೆ ಎಡೆಯಿಲ್ಲದ ಮನೆಗಳಲ್ಲಿ, ಸತ್ತವರ ಸಂಖ್ಯೆ ಏರುತ್ತ ಹೋಗಿ, ಅಳಿದುಳಿದವರು ಊರನ್ನೇ ತೊರೆದು ಬಯಲಿನ ಗುಡಿಸಲುಗಳಿಗೆ ಹೊರಟುಹೋದರು. ಆ ಕಾಲದಲ್ಲಿಯೇ ಬಸವನಗುಡಿಯೂ ಮಲ್ಲೇಶ್ವರವೂ ರೂಪುಗೊಂಡುವು. ನೇರವಾದ ಅಡ್ಡರಸ್ತೆಗಳು, ಮನೆಮನೆಗೂ ಅಂಗಳ, ಮರಗಳ ಸಾಲು, ಅಲ್ಲಲ್ಲಿ ಉದ್ಯಾನಕ್ಕೆಂದು ಬಿಟ್ಟ ನಿವೇಶನ, ಇವುಗಳ ಜೊತೆಗೆ ಮನೆಗಳ ಹಿಂಭಾಗದಲ್ಲಿ ಸಾಗುವ ಕಿರಿದಾದ ಕನ್ಸರ್ವೆನ್ಸಿ ಓಣಿಗಳನ್ನೂ ಆ ಕಾಲದ ಯೋಜಕರು ಇರಿಸಿದರು. ಮಲವನ್ನು ಮನುಷ್ಯರೇ ತಲೆಯ ಮೇಲೆ ಹೊರುತ್ತಿದ್ದ ಆ ಕ್ರೂರಪದ್ಧತಿಯ ದಿನಗಳಲ್ಲಿ ಆ ಕೆಲಸದವರು ಬೀದಿಯ ಮುಂಭಾಗಕ್ಕೆ ಬಾರದೆ ಹಿಂದಿನಿಂದಲೇ ಬಂದು ಹೋಗಲೆಂದು ಮಾಡಿದ ದಾರಿಗಳವು. ಆರೋಗ್ಯದ ವಿಷಯದಲ್ಲಿ ಇಷ್ಟು ಮುಂದಾಲೋಚನೆಯುಳ್ಳ ಯೋಜನೆ ಆ ಜನರ ಘನತೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದನ್ನು ಖೇದದಿಂದಲೇ ನೆನೆಯಬೇಕು. ಒಳಚರಂಡಿ ಬಂದ ಮೇಲೆ ಆ ಓಣಿಗಳು ನಿರುಪಯುಕ್ತವಾಗಿ, ಕೆಲವು ಒತ್ತುವರಿಯಾಗಿ, ಕೆಲವು ಕಸದ ರಾಶಿಗಳಾಗಿ ಉಳಿದುವು. ಮಲ್ಲೇಶ್ವರದ ನಿವಾಸಿಗಳು ಈಚಿನ ವರ್ಷಗಳಲ್ಲಿ ಅಂಥ ಕೆಲವು ಓಣಿಗಳನ್ನು ಶುಚಿಗೊಳಿಸಿ, ಗೋಡೆಗಳಿಗೆ ಬಣ್ಣ ಬಳಿದು, ಕಾಲುದಾರಿಗಳನ್ನಾಗಿ ಮಾಡಿಕೊಂಡಿರುವುದು ನನಗೆ ಬಹಳ ಸಂತೋಷವನ್ನು ಕೊಟ್ಟ ಸಂಗತಿ.

ಇಂಥ ಬಡಾವಣೆಗಳನ್ನು ಯೋಜಿಸುವುದಕ್ಕೆಂದು ಮೈಸೂರಿನಲ್ಲಿ 1903ರಲ್ಲಿಯೇ ನಗರ ಸುಧಾರಣಾ ವಿಶ್ವಸ್ಥ ಮಂಡಲಿ ಸ್ಥಾಪಿತವಾಯಿತು. ಬೆಂಗಳೂರಿಗೆ ಅಂಥ ಮಂಡಲಿ ಬಂದದ್ದು 1945ರಲ್ಲಿ. ಅದು 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರವಾಯಿತು. ನೀರು ಸರಬರಾಜು 1964ರಿಂದ ಬೇರೊಂದು ಮಂಡಲಿಯ ಕೈಗೆ ಹೋಗಿತ್ತು. ಹೀಗೆ ನಕ್ಷೆ ಒಬ್ಬರದು, ನೀರು ಮತ್ತೊಬ್ಬರದು, ರಸ್ತೆ ಪಾಲಿಕೆಯದು ಎಂಬಂತಾಗಿ, ಈ ತಿಂಗಳು ಡಾಂಬರು ಕಂಡ ಬೀದಿಯನ್ನು ಮುಂದಿನ ತಿಂಗಳು ಕೊಳವೆಗಾಗಿ ಅಗೆಯುವ ದೃಶ್ಯ ನಮಗೆಲ್ಲರಿಗೂ ಚಿರಪರಿಚಿತವಾಯಿತು.

ಇನ್ನು ಆಯವ್ಯಯದ ಕ್ರಮ. ಸರ್ಕಾರದಿಂದ ನಿಯುಕ್ತರಾದ ಆಯುಕ್ತರು ಇಲಾಖೆಗಳಿಂದ ಅಂದಾಜುಗಳನ್ನು ತರಿಸಿ ಕರಡನ್ನು ಸಿದ್ಧಪಡಿಸುತ್ತಾರೆ. ತೆರಿಗೆ ಮತ್ತು ಆರ್ಥಿಕ ಸ್ಥಾಯಿ ಸಮಿತಿ ಅದನ್ನು ಪರಿಶೀಲಿಸುತ್ತದೆ. ಸಮಿತಿಯ ಅಧ್ಯಕ್ಷರು ಮಹಾಪೌರರ ಸಮ್ಮುಖದಲ್ಲಿ ಅದನ್ನು ಮಂಡಿಸುತ್ತಾರೆ; ಬೆಂಗಳೂರಿನಲ್ಲಿ ಚುನಾಯಿತ ಸಭೆಯಿದ್ದ ದಿನಗಳಲ್ಲಿ ಇದು ಪಾಲಿಕೆಯ ಕೇಂದ್ರ ಕಛೇರಿಯ ಕೆಂಪೇಗೌಡ ಪೌರಸಭಾಂಗಣದಲ್ಲಿ ನಡೆಯುತ್ತಿತ್ತು. ಅನಂತರದ ಚರ್ಚೆಯೇ ಈ ಸಂಸ್ಥೆಯ ಜೀವಾಳ. ಅಲ್ಲಿ ಆರ್ಥಿಕತತ್ತ್ವಗಳ ಪಾಂಡಿತ್ಯ ಅಪರೂಪವಿರಬಹುದು, ಗದ್ದಲವೂ ಸಾಕಷ್ಟಿರುವುದುಂಟು. ಆದರೂ ಒಬ್ಬ ಸದಸ್ಯೆ ಎದ್ದುನಿಂತು ತನ್ನ ವಾರ್ಡಿನ ಇಂಥ ರಾಜಕಾಲುವೆಯ ತಡೆಗೋಡೆ ಕುಸಿದು ಇಷ್ಟು ಮನೆಗಳಿಗೆ ನೀರು ನುಗ್ಗಿತು, ಅದಕ್ಕೆ ಈ ಪತ್ರದಲ್ಲಿ ಹಣವೆಲ್ಲಿದೆ ಎಂದು ಕೇಳಿದಾಗ, ಅಧಿಕಾರಿಗಳು ಎಲ್ಲರೆದುರಿಗೆ ಉತ್ತರ ಹೇಳಬೇಕಾಗುತ್ತದೆ. ಸಭೆಯ ಒಪ್ಪಿಗೆ ದೊರೆತ ಮೇಲೆ ಪತ್ರವು ರಾಜ್ಯ ಸರ್ಕಾರದ ಅನುಮೋದನೆಗೆ ಹೋಗುತ್ತದೆ.

ಸ್ವಂತ ವರಮಾನದಲ್ಲಿ ಆಸ್ತಿ ತೆರಿಗೆಯೇ ಮುಖ್ಯವಾದುದು. ಬೆಂಗಳೂರಿನಲ್ಲಿ 2000ದಲ್ಲಿ ಮನೆಯೊಡೆಯನೇ ತನ್ನ ತೆರಿಗೆಯನ್ನು ಗಣಿಸಿ ಘೋಷಿಸುವ ಸ್ವಯಂಘೋಷಣಾ ಪದ್ಧತಿ ಬಂದಿತು. 2008ರಲ್ಲಿ ವಲಯಕ್ಕೆ ತಕ್ಕಂತೆ ಚದರಡಿಗೆ ಇಷ್ಟೆಂದು ಗೊತ್ತುಮಾಡುವ ಕ್ರಮ ಜಾರಿಗೆ ಬಂದಿತು. ನಾಗರಿಕನನ್ನು ನಂಬಿದ್ದರಿಂದ ಸಂಗ್ರಹ ಹೆಚ್ಚಿತೆಂಬುದು ಈ ಸುಧಾರಣೆಯ ಹಿರಿಮೆ. ಏಪ್ರಿಲ್ ತಿಂಗಳೊಳಗೆ ಇಡೀ ವರ್ಷದ ತೆರಿಗೆ ಕಟ್ಟಿದವರಿಗೆ ಶೇಕಡ 5ರ ರಿಯಾಯಿತಿ ಉಂಟೆಂಬುದು ಬಹುಮಂದಿಗೆ ಗೊತ್ತು. ರಸೀದಿಯಲ್ಲಿ ತೆರಿಗೆಯ ಮೇಲೆ ಉಪಕರವೂ ಇರುವುದನ್ನು ಗಮನಿಸುವವರು ವಿರಳ. ಅದರಲ್ಲಿ ತೆರಿಗೆಯ ಶೇಕಡ 15 ಆರೋಗ್ಯಕ್ಕೆ, 6 ಗ್ರಂಥಾಲಯಕ್ಕೆ, 3 ಭಿಕ್ಷುಕರ ಪರಿಹಾರಕ್ಕೆ. ಮನೆಯ ತೆರಿಗೆಯ ಜೊತೆಗೇ ನಾವು ಬಡಾವಣೆಯ ವಾಚನಾಲಯದ ಪುಸ್ತಕಕ್ಕೂ, ನಿರಾಶ್ರಿತರ ಊಟಕ್ಕೂ ಹಣ ತೆರುತ್ತಿದ್ದೇವೆ. ಈ ಉಪಕರವನ್ನು ಪಾಲಿಕೆ ವಸೂಲು ಮಾಡಿ ಆಯಾ ಇಲಾಖೆಗೆ ಒಪ್ಪಿಸಬೇಕಾದ್ದು ನಿಯಮ; ಆ ಹಣ ವರ್ಷಗಟ್ಟಲೆ ಬಾಕಿ ನಿಂತು, ಗ್ರಂಥಾಲಯಗಳು ಹೊಸ ಪುಸ್ತಕವನ್ನು ಕೊಳ್ಳಲಾರದೆ ಕೂತಿರುವುದು ನನಗೆ ನೋವಿನ ವಿಷಯ.

ವೆಚ್ಚದ ಭಾಗವನ್ನು ತಿಳಿಯಲು ಒಂದೇ ಒಂದು ಚರಂಡಿಯನ್ನು ಹಿಂಬಾಲಿಸಿದರೆ ಸಾಕು. ಅಡ್ಡರಸ್ತೆಯೊಂದರ ಚರಂಡಿಯ ಚಪ್ಪಡಿಗಳು ಮುರಿದಿವೆಯೆಂಬ ದೂರು ಬಂದಾಗ ವಾರ್ಡಿನ ಇಂಜಿನಿಯರು ಟೇಪು ಹಿಡಿದು ಹೋಗಿ ಉದ್ದ, ಅಗಲ, ಆಳಗಳನ್ನು ಅಳೆದು, ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಅಗೆತಕ್ಕಿಷ್ಟು, ಕಾಂಕ್ರೀಟಿಗಿಷ್ಟು, ಕಂಬಿಗಿಷ್ಟು ಎಂದು ನೋಡಿ ಅಂದಾಜುಪಟ್ಟಿ ಬರೆಯುತ್ತಾರೆ. ಮೇಲಧಿಕಾರಿಗಳ ರುಜುಗಳಾದ ಬಳಿಕ ಅದಕ್ಕೆ ವಾರ್ಡಿನ ಸಂಖ್ಯೆ, ವರ್ಷ ಮತ್ತು ಕ್ರಮಾಂಕಗಳನ್ನು ಸೇರಿಸಿದ ಜಾಬ್ ಕೋಡ್ ದೊರೆಯುತ್ತದೆ. ಆಯವ್ಯಯದ ಒಂದು ಲೆಕ್ಕಶೀರ್ಷಿಕೆಯಡಿ ಅದು ಸೇರಿದ ದಿನದಿಂದ ಆ ಚರಂಡಿ ಪಾಲಿಕೆಯ ದೃಷ್ಟಿಯಲ್ಲಿ ಅಸ್ತಿತ್ವಕ್ಕೆ ಬಂದಂತೆ. ಟೆಂಡರು, ಕಾರ್ಯಾದೇಶ, ಕಾಮಗಾರಿ ಎಲ್ಲ ಮುಗಿದ ಮೇಲೆ ನಿಜವಾಗಿ ಆದ ಕೆಲಸವನ್ನು ಮತ್ತೆ ಅಳೆದು ಅಳತೆ ಪುಸ್ತಕದಲ್ಲಿ ದಾಖಲಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಗರಾಡಳಿತದ ಅತ್ಯಂತ ಪೂಜ್ಯವಾದ ಗ್ರಂಥವೆಂದರೆ ಈ ಅಳತೆ ಪುಸ್ತಕ. ಏಕೆಂದರೆ ಕಾಗದದ ಮೇಲಿನ ಚರಂಡಿಯೂ ನೆಲದ ಮೇಲಿನ ಚರಂಡಿಯೂ ಒಂದೇ ಹೌದೋ ಅಲ್ಲವೋ ಎಂಬುದಕ್ಕೆ ಅದೊಂದೇ ಸಾಕ್ಷಿ.

ಬಂದೀತೆಂದು ಬರೆದ ವರಮಾನ ಬಾರದೆ ಹೋದಾಗ ತೊಂದರೆ ಆರಂಭವಾಗುತ್ತದೆ. ಪತ್ರದ ಗಾತ್ರ ದೊಡ್ಡದಾಗಿ ಕಾಣಲೆಂಬ ಆಸೆಯಿಂದ ಆದಾಯವನ್ನು ಹಿಗ್ಗಿಸಿ ಬರೆದರೆ, ಅದಕ್ಕೆ ಸರಿತೂಗುವಷ್ಟು ಕಾಮಗಾರಿಗಳಿಗೂ ಒಪ್ಪಿಗೆ ಸಿಕ್ಕಿಬಿಡುತ್ತದೆ. ಹಣವಿಲ್ಲದೆ ಗುತ್ತಿಗೆದಾರರ ಬಿಲ್ಲುಗಳು ಒಂದೆರಡು ವರ್ಷ ಕಾಯುತ್ತವೆ. ಅವು ಮುಂದುವರಿದ ಕಾಮಗಾರಿಗಳೆಂಬ ಹೆಸರಿನಲ್ಲಿ ಮರುವರ್ಷದ ಪತ್ರದ ಸಿಂಹಪಾಲನ್ನು ನುಂಗಿ, ಹೊಸ ಸದಸ್ಯರಿಗೆ ಹಳೆಯ ಸಾಲವನ್ನೇ ಹಂಚುತ್ತವೆ. ಇಂಥ ಇಕ್ಕಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದು ಕೊಳೆಗೇರಿಯ ಶೌಚಾಲಯಕ್ಕೋ ಪಾಲಿಕೆ ಶಾಲೆಯ ಮಾಳಿಗೆಗೋ ಆಗಬಾರದೆಂದು, ಪರಿಶಿಷ್ಟ ಜಾತಿ ಪಂಗಡಗಳಿಗೆ ಶೇಕಡ 24.10, ಇತರ ಬಡವರಿಗೆ 7.25, ಅಂಗವಿಕಲರಿಗೆ 5 ಎಂದು ನಿಧಿಯನ್ನು ಕಾದಿರಿಸುವ ವಿಧಿ ನಮ್ಮ ರಾಜ್ಯದಲ್ಲಿದೆ. ಪತ್ರವನ್ನು ಕೈಗೆತ್ತಿಕೊಂಡವರು ಮೊದಲು ಈ ಪುಟಗಳನ್ನು ತೆರೆದು, ಹಿಂದಿನ ವರ್ಷ ಕಾದಿರಿಸಿದುದೆಷ್ಟು, ವ್ಯಯವಾದುದೆಷ್ಟು ಎಂದು ಹೋಲಿಸಿ ನೋಡಬೇಕೆಂಬುದು ನನ್ನ ಬಿನ್ನಹ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕೆ ಮಿಕ್ಕಿದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ವಿಧಿಸಿತು. ಬೆಂಗಳೂರಿನಲ್ಲಿ ಅವು ಪ್ರತಿ ತಿಂಗಳ ಮೊದಲ ಶನಿವಾರ ಸೇರುವ ಪರಿಪಾಠ ಬೆಳೆಯಿತು. 2021-22ರ ಆಯವ್ಯಯದಲ್ಲಿ 198 ವಾರ್ಡುಗಳಿಗೂ ತಲಾ 60 ಲಕ್ಷ ರೂಪಾಯಿಗಳನ್ನು ರಸ್ತೆಗುಂಡಿ, ಕಾಲುದಾರಿ, ಕೊಳವೆಬಾವಿಗಳಂಥ ಅಗತ್ಯಗಳಿಗೆ ಈ ಸಮಿತಿಗಳ ಮೂಲಕ ವಿನಿಯೋಗಿಸಲು ತೆಗೆದಿರಿಸಿದರು. ಒಟ್ಟು ಪತ್ರದಲ್ಲಿ ಅದು ಅಲ್ಪಾಂಶವಾದರೂ, ಬೀದಿಯಲ್ಲಿ ನಡೆಯುವವನೇ ಬೀದಿಯ ಹಣವನ್ನು ಹಂಚಲು ಕೂತದ್ದು ಸಾಮಾನ್ಯ ಸಂಗತಿಯಲ್ಲ. ಅದೇ ಹೊತ್ತಿಗೆ ಬೇರೊಂದು ನಷ್ಟವೂ ಸಂಭವಿಸಿತ್ತು. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದು, ಚುನಾವಣೆ ಮುಂದೆ ಮುಂದೆ ಹೋಗುತ್ತಲೇ ಇದ್ದುದರಿಂದ, ವರ್ಷದ ಮೇಲೆ ವರ್ಷ ಆಡಳಿತಾಧಿಕಾರಿಗಳ ಅಡಿಯಲ್ಲಿಯೇ ಆಯವ್ಯಯಗಳು ಸಿದ್ಧವಾದುವು. ಅಂಕಿಗಳು ಅಚ್ಚುಕಟ್ಟಾಗಿಯೇ ಇದ್ದುವು. ಆದರೆ ಎದ್ದುನಿಂತು ತನ್ನ ವಾರ್ಡಿನ ಹೆಸರು ಹಿಡಿದು ಕೇಳುವ ಕಂಠವೇ ಸಭಾಂಗಣದಲ್ಲಿ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮಗಳೆಂದು ಐದಾಗಿ ವಿಭಾಗಿಸಿ, ಮೇಲೊಂದು ಪ್ರಾಧಿಕಾರವನ್ನು ಇರಿಸಿದ್ದಾಗಿದೆ. ತೆರಿಗೆ ಹೆಚ್ಚಾಗಿ ಬರುವ ಭಾಗ ಮತ್ತು ಸುಧಾರಣೆ ಹೆಚ್ಚಾಗಿ ಬೇಕಾದ ಭಾಗ ಬೇರೆ ಬೇರೆ ಪಾಲಿಕೆಗಳಿಗೆ ಸೇರಿದಾಗ, ಒಂದರ ಸಂಪತ್ತು ಇನ್ನೊಂದರ ಓಣಿಗಳಿಗೆ ಒದಗುವ ದಾರಿ ಯಾವುದೆಂಬುದು ಈ ಹೊಸ ವ್ಯವಸ್ಥೆಯಲ್ಲಿ ಬಗೆಹರಿಯಬೇಕಾದ ಅತಿ ಗಂಭೀರವಾದ ಪ್ರಶ್ನೆ.

ಬೆಂಗಳೂರಿಗೆ ಮಾತ್ರ ಮೀಸಲಾದ ವಿಚಾರವಿದಲ್ಲ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿಗಳೇ ಮೊದಲಾದ ಊರುಗಳಲ್ಲಿಯೂ ಆಯವ್ಯಯಕ್ಕೆ ಮುನ್ನ ಸಾರ್ವಜನಿಕರ ಪೂರ್ವಭಾವಿ ಸಭೆಗಳನ್ನು ಕರೆಯುವ ವಾಡಿಕೆಯುಂಟು. ಅಲ್ಲಿಗೆ ಹೋಗುವವರು ಬೀದಿಯ ಹೆಸರು, ಕೆಟ್ಟಿರುವ ಭಾಗದ ಅಳತೆ, ಹಿಂದೆ ಕೆಲಸ ಆಗಿದ್ದರೆ ಅದರ ವರ್ಷ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದೊಯ್ದು, ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆದು, ಪತ್ರ ಪ್ರಕಟವಾದ ಮೇಲೆ ತಮ್ಮ ಬೀದಿ ಯಾವ ಲೆಕ್ಕಶೀರ್ಷಿಕೆಯಡಿ ಸೇರಿದೆಯೆಂದು ವಾರ್ಡಿನ ಇಂಜಿನಿಯರರನ್ನು ಕೇಳಿ ತಿಳಿಯಬಹುದು.