ಪುಸ್ತಕ ಮುಚ್ಚಿ ಓದುವ ವಿದ್ಯೆ

ಅರ್ಥವಿಲ್ಲದ ಮಾತನ್ನು ಬಾಯಿಪಾಠ ಮಾಡಲು ಯಾರಿಗೆ ಮನಸ್ಸು ಬಂದೀತು? ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅದನ್ನೇ ವರ್ಷಗಟ್ಟಲೆ ಮಾಡಿದ. ಎರಡು ವ್ಯಂಜನಗಳ ನಡುವೆ ಒಂದು ಸ್ವರವಿಟ್ಟು, ‘ಝುಪ್’, ‘ಗೇಫ್’ ಎಂಬಂಥ ಸುಮಾರು 2300 ಅಕ್ಷರಗುಚ್ಛಗಳನ್ನು ಕಟ್ಟಿಕೊಂಡ. ಅವುಗಳಿಂದ ಪಟ್ಟಿಗಳನ್ನು ಮಾಡಿ, ಒಂದೇ ಲಯದಲ್ಲಿ ಗಟ್ಟಿಯಾಗಿ ಓದಿ, ತಪ್ಪಿಲ್ಲದೆ ಹೇಳಲು ಬರುವವರೆಗೂ ಬಿಡುತ್ತಿರಲಿಲ್ಲ. ಪ್ರಯೋಗ ಮಾಡುವವನೂ ಅವನೇ, ಪ್ರಯೋಗಕ್ಕೆ ಒಳಗಾಗುವವನೂ ಅವನೇ. 1879ರಲ್ಲಿ ಶುರುವಾದ ಈ ಕೆಲಸ 1885ರಲ್ಲಿ ಪುಸ್ತಕವಾಗಿ ಹೊರಬಂತು. ನೆನಪನ್ನೂ ಅಳೆಯಬಹುದು ಎಂದು ಮನೋವಿಜ್ಞಾನಕ್ಕೆ ತೋರಿಸಿಕೊಟ್ಟ ಪುಸ್ತಕ ಅದು.

ಅರ್ಥವಿಲ್ಲದ ಗುಚ್ಛಗಳೇ ಏಕೆ? ಗೊತ್ತಿರುವ ಪದವಾದರೆ ಅದರ ಹಿಂದೆ ಹಳೆಯ ನೆನಪುಗಳು ಸಾಲುಗಟ್ಟಿ ಬರುತ್ತವೆ. ಆಗ ಹೊಸದಾಗಿ ಕಲಿತದ್ದೆಷ್ಟು, ಮೊದಲೇ ಇದ್ದದ್ದೆಷ್ಟು ಎಂದು ಬೇರ್ಪಡಿಸಲಾಗದು. ಅಳತೆಗೆ ಆತ ಕಂಡುಕೊಂಡ ದಾರಿಯೂ ಸೊಗಸಾದದ್ದು. ಮರೆತ ಪಟ್ಟಿಯನ್ನು ಮತ್ತೆ ಕಲಿಯುವಾಗ ಮೊದಲಿಗಿಂತ ಎಷ್ಟು ಸಮಯ ಉಳಿಯಿತು ಎಂದು ನೋಡುವುದು. ಮೊದಲು ಹತ್ತು ನಿಮಿಷ ಹಿಡಿದದ್ದು ಈಗ ಆರು ನಿಮಿಷಕ್ಕೆ ಬಂದರೆ ಉಳಿತಾಯ ಶೇಕಡಾ 40. ನೆನಪಿಲ್ಲ ಎಂದು ನಾವು ಕೈಚೆಲ್ಲಿದ ಪಾಠವೂ ಒಳಗೆಲ್ಲೋ ಗುರುತು ಬಿಟ್ಟಿರುತ್ತದೆ ಎಂಬುದು ಹೀಗೆ ಲೆಕ್ಕಕ್ಕೆ ಸಿಕ್ಕಿತು.

ಆತನಿಗೆ ಸಿಕ್ಕ ಉಳಿತಾಯ ಇಷ್ಟು: ಸುಮಾರು 20 ನಿಮಿಷದ ನಂತರ ಶೇ. 58, ಒಂದು ಗಂಟೆಗೆ ಶೇ. 44, ಮರುದಿನ ಶೇ. 34, ತಿಂಗಳ ಕೊನೆಗೆ ಶೇ. 21. ಅಂದರೆ ಮರೆವು ಮೊದಲ ಗಂಟೆಯಲ್ಲೇ ಅವಸರವಸರವಾಗಿ ನುಗ್ಗುತ್ತದೆ, ಆಮೇಲೆ ಬಹಳ ನಿಧಾನವಾಗುತ್ತದೆ. ಒಬ್ಬನೇ ಮನುಷ್ಯ ತನ್ನ ಮೇಲೆ ಮಾಡಿಕೊಂಡ ಪ್ರಯೋಗವೆಂದು ಅನುಮಾನ ಬರಬಹುದು. 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಇದನ್ನು ಮತ್ತೆ ಮಾಡಿ ನೋಡಿದಾಗಲೂ ಹೆಚ್ಚುಕಡಿಮೆ ಅದೇ ಗೆರೆ ಮೂಡಿತು.

ಆದರೆ ಈ ಅಂಕಿಗಳನ್ನು ಹಿಡಿದು, ‘ಓದಿದ್ದರಲ್ಲಿ ಶೇ. 80 ತಿಂಗಳಲ್ಲಿ ಮರೆತುಹೋಗುತ್ತದೆ’ ಎಂದು ಮಕ್ಕಳನ್ನು ಹೆದರಿಸುವುದು ತಪ್ಪು. ಇದು ಅರ್ಥವಿಲ್ಲದ ಗುಚ್ಛಗಳ ಲೆಕ್ಕ. ಬೈರನ್ ಕವಿಯ ಪದ್ಯಗಳನ್ನು ಕಲಿಯಲು ತನಗೆ ಹಿಡಿದದ್ದು ಅದರ ಹತ್ತನೇ ಒಂದು ಪಾಲು ಶ್ರಮವಷ್ಟೇ ಎಂದು ಎಬ್ಬಿಂಗ್‌ಹೌಸನೇ ಬರೆದಿದ್ದಾನೆ. ಅರ್ಥ, ಲಯ, ಪ್ರಾಸ ಮೂರೂ ಸೇರಿ ನೆನಪಿಗೆ ಆಸರೆಯಾಗುತ್ತವೆ. ಅರ್ಥ ಮಾಡಿಕೊಳ್ಳದೆ ಉರು ಹೊಡೆಯುವ ಮಗು ತನ್ನ ಪಾಠವನ್ನು ತಾನೇ ‘ಝುಪ್, ಗೇಫ್’ ಮಾಡಿಕೊಳ್ಳುತ್ತಿದೆ.

ಇನ್ನೊಂದು ಅಂಶ ಆತನ ಪುಸ್ತಕದಲ್ಲಿದೆ, ಅದಕ್ಕೆ ನಮ್ಮಲ್ಲಿ ಸಿಗಬೇಕಾದ ಗಮನ ಸಿಕ್ಕಿಲ್ಲ. ಹನ್ನೆರಡು ಗುಚ್ಛಗಳ ಪಟ್ಟಿಯನ್ನು, ಮತ್ತೆ ಕಲಿತು ನೋಡುವ ಹಿಂದಿನ ದಿನ ಒಟ್ಟಿಗೆ 68 ಸಲ ಓದಿದರೆ ಸಿಗುವ ಫಲ, ಮೂರು ದಿನಕ್ಕೆ ಹಂಚಿ ಓದಿದಾಗ 38 ಸಲಕ್ಕೇ ಸಿಕ್ಕಿತು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವವರು ಬೇಕಾದ್ದಕ್ಕಿಂತ ಹೆಚ್ಚು ದುಡಿಯುತ್ತಿದ್ದಾರೆ.

ಹಂಚಿ ಓದಿದರಷ್ಟೇ ಸಾಕೇ? ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ವಿದ್ಯಾರ್ಥಿಗಳ ಒಂದು ಗುಂಪು ಒಂದು ವಿಜ್ಞಾನ ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಓದಿದವರದೇ ಮೇಲುಗೈ: ಅವರು ಶೇ. 83, ಬರೆದವರು ಶೇ. 71. ವಾರದ ನಂತರ ಲೆಕ್ಕ ತಿರುಗಿತ್ತು. ಓದಿದವರಲ್ಲಿ ಉಳಿದದ್ದು ಶೇ. 40, ಬರೆದವರಲ್ಲಿ ಶೇ. 61. ತಮಗೆ ವಾರದ ನಂತರವೂ ಪಾಠ ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ನಂಬಿದ್ದವರು ಮಾತ್ರ ನಾಲ್ಕು ಅವಧಿ ಓದಿದವರೇ!

ಈ ನಂಬಿಕೆಯೇ ನಮ್ಮನ್ನು ಕೆಡಿಸುವುದು. ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಿತವಾಗುತ್ತವೆ, ಕಣ್ಣು ಸರಾಗವಾಗಿ ಓಡುತ್ತದೆ. ಆ ಸಲೀಸನ್ನೇ ನಾವು ‘ಬಂತು’ ಎಂದುಕೊಳ್ಳುತ್ತೇವೆ. ಗುರುತು ಹಿಡಿಯುವುದು ಬೇರೆ, ನೆನಪಿಸಿಕೊಳ್ಳುವುದು ಬೇರೆ. ಬೀದಿಯಲ್ಲಿ ಸಿಕ್ಕವರ ಮುಖ ಗೊತ್ತು, ಹೆಸರು ನಾಲಿಗೆಗೆ ಬಾರದು; ಪ್ರಶ್ನೆಪತ್ರಿಕೆಯ ಮುಂದೆ ಮಗುವಿಗೆ ಆಗುವುದೂ ಇದೇ. ಪರೀಕ್ಷೆ ಕೇಳುವುದು ಹೆಸರನ್ನು. ತಡಕಾಡಿ ಹೊರತೆಗೆಯುವ ಆ ಕಷ್ಟವೇ ನೆನಪನ್ನು ಬಲಪಡಿಸುತ್ತದೆ. ಇಂಥದಕ್ಕೆ ರಾಬರ್ಟ್ ಬ್ಯೋರ್ಕ್ ಎಂಬ ಮನೋವಿಜ್ಞಾನಿ ‘ಅಪೇಕ್ಷಣೀಯ ಕಷ್ಟ’ ಎಂದು ಹೆಸರಿಟ್ಟಿದ್ದಾರೆ.

ನಮ್ಮ ಹಳೆಯ ಶಾಲೆಗಳಲ್ಲಿ ಮಗ್ಗಿಯನ್ನೋ ಪದ್ಯವನ್ನೋ ಮೇಷ್ಟ್ರಿಗೆ ಒಪ್ಪಿಸುವ ಪದ್ಧತಿ ಇತ್ತು. ಬೆತ್ತದ ಭಯವನ್ನು ಕಳೆದು ನೋಡಿದರೆ ಅದು ಪುಸ್ತಕವಿಲ್ಲದೆ ನೆನಪಿಸಿಕೊಳ್ಳುವ ಅಭ್ಯಾಸವೇ. ಭಯ ಹೋಗಬೇಕಿತ್ತು, ಹೋಯಿತು. ಅಭ್ಯಾಸವೂ ಅದರೊಟ್ಟಿಗೆ ಹೋಗಬಾರದಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದ ತಂದೆತಾಯಂದಿರಲ್ಲಿ ಒಂದು ವಿನಂತಿ. ‘ಇನ್ನೊಂದು ಸಲ ಓದು’ ಎನ್ನುವ ಬದಲು, ‘ಪುಸ್ತಕ ಮುಚ್ಚಿಟ್ಟು ನನಗೆ ಹೇಳು’ ಎನ್ನಿ. ಮಗು ತಡವರಿಸಿದರೆ ಕಾಯಿರಿ, ತಪ್ಪಿದರೆ ಪುಸ್ತಕ ತೆರೆದು ತಾನೇ ತಿದ್ದಿಕೊಳ್ಳಲಿ. ಎರಡು ದಿನ ಬಿಟ್ಟು ಅದನ್ನೇ ಮತ್ತೆ ಕೇಳಿ. ಶಿಕ್ಷಕರು ವಾರಕ್ಕೊಮ್ಮೆ ಹತ್ತು ನಿಮಿಷದ ಪುಟ್ಟ ಪರೀಕ್ಷೆ ಇಡಲಿ, ಅದಕ್ಕೆ ಅಂಕ ಮಾತ್ರ ಬೇಡ.